ಕಂಬಕ್ಕೆ ಮುಂಚೆ ಹೋಗುತ್ತಿದ್ದವನು

ಕಂಬ ನೆಡುವವರು ಬೇರೆ ಇದ್ದರು, ತಂತಿ ಎಳೆಯುವವರು ಬೇರೆ ಇದ್ದರು. ನನ್ನ ಕೆಲಸ ಅವರೆಲ್ಲರಿಗಿಂತ ಮುಂಚೆ ಹೋಗಿ, ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು ಬರುವುದು. ಸಂಬಳ ಕೊಟ್ಟು ಮಜ್ಜಿಗೆ ಕುಡಿಯಲು ಕಳಿಸುವ ಕರೆಂಟ್ ಇಲಾಖೆ ಲೋಕದಲ್ಲಿ ಇದೊಂದೇ ಇರಬೇಕು ಎಂದು ನಮ್ಮಣ್ಣ ಹಾಸ್ಯ ಮಾಡುತ್ತಿದ್ದ. ಈಗ ಆ ಕೆಲಸಕ್ಕೆ ಉದ್ದುದ್ದ ಹೆಸರುಗಳಿವೆಯಂತೆ, ಅದನ್ನು ಕಲಿಸುವ ಕಾಲೇಜುಗಳೂ ಇವೆಯಂತೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಸೂಪರ್‌ವೈಸರ್, ಹಳ್ಳಿಗಳಲ್ಲಿ ಕರೆಂಟ್ ಸ್ವಾಮಿ.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಜಯನಗರದ ಬ್ಲಾಕುಗಳು ಒಂದೊಂದಾಗಿ ಏಳುತ್ತಿದ್ದವು. ಸೈಟು ಸಿಕ್ಕವರೆಲ್ಲ ನಮ್ಮ ಆಫೀಸಿಗೆ ಬಂದು "ಲೈಟ್ ಯಾವಾಗ ಸಾರ್?" ಎಂದು ಪ್ರಾಣ ತಿನ್ನುತ್ತಿದ್ದರು. ಲೈಟು ಬರಬೇಕಾದರೆ ಸಿದ್ದಾಪುರದ ಆಚೆಯ ತೋಟಗಳನ್ನು ದಾಟಿ ಬರಬೇಕಿತ್ತು. ಮಲ್ಲಿಗೆ, ಕನಕಾಂಬರ, ಸೊಪ್ಪು, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಸೀಬೆ ಮರ. ಬೆಳಗಾಗುವ ಮೊದಲೇ ಅಲ್ಲಿಂದ ಹೂವಿನ ಬುಟ್ಟಿಗಳು ಸಿಟಿ ಮಾರ್ಕೆಟ್ಟಿಗೆ ಹೊರಡುತ್ತಿದ್ದವು. ಆ ತೋಟದವರ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ. ಅವರ ತಲೆಯ ಮೇಲೆ ಹಾದುಹೋಗುವ ಕರೆಂಟು ಇನ್ನೂ ಕಟ್ಟಿ ಮುಗಿಯದ ಮನೆಗಳಿಗೆ. ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದು ಇಪ್ಪತ್ತನಾಲ್ಕರ ವಯಸ್ಸಿನ ನನಗೆ ಅನಿಸಲೇ ಇಲ್ಲ. ಅನಿಸಬೇಕಿತ್ತು.

ನಮ್ಮ ಇಂಜಿನಿಯರ್ ಸಾಹೇಬರು ಪೇಟ ಸುತ್ತಿಕೊಂಡು ಆಫೀಸಿಗೆ ಬರುತ್ತಿದ್ದ ಹಳೆಯ ಕಾಲದವರು. ಪೊಲೀಸರನ್ನು ಕರೆದುಕೊಂಡು ಹೋಗಿ ಕಂಬ ನೆಟ್ಟರೆ ಆ ಕಂಬ ಒಂದು ಮಳೆಗಾಲವೂ ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಅದಕ್ಕೇ ಒಂದು ಕ್ರಮ ಮಾಡಿದ್ದರು. "ಮೊದಲ್ನೇ ಸಲ ಹೋದಾಗ ಕಂಬದ ಮಾತೇ ಎತ್ತಬೇಡ ಕಣಯ್ಯ. ನೀರು ಕೇಳಿ ಕುಡಿ, ವಾಪಸ್ ಬಾ. ಎರಡನೇ ಸಲ ಬೆಳೆ ಹೇಗಿದೆ, ಮಕ್ಕಳು ಏನ್ಮಾಡ್ತಾರೆ ಅಂತ ವಿಚಾರಿಸು. ಮೂರನೇ ಸಲ ಊಟದ ಹೊತ್ತಿಗೆ ಹೋಗು. ಏನು ಕೊಟ್ಟರೂ ಉಣ್ಣು. ಉಂಡಾದ ಮೇಲೆ ನಕ್ಷೆ ಬಿಚ್ಚು." ಲೈನು ಹಾದುಹೋಗುವ ಪ್ರತಿ ಊರಿನ ಮಾರಮ್ಮನ ಗುಡಿಗೂ ಒಂದು ಬಲ್ಬು ಪುಕ್ಕಟೆ. ಅದೂ ಅವರದೇ ಏರ್ಪಾಡು. ಅವರನ್ನು ನಾನು ಕೆಟ್ಟವರೆನ್ನಲಾರೆ. ಜನರ ಜೊತೆ ಚೆನ್ನಾಗಿರಬೇಕು ಎಂದು ಅವರು ನಿಜವಾಗಿಯೂ ಬಯಸಿದ್ದರು, ಲೈನು ಚಾರ್ಜ್ ಆಗಿ ಕರೆಂಟು ಹರಿಯುವ ದಿನದವರೆಗೆ.

ಮೊದಲೆರಡು ಭೇಟಿ ನನಗೆ ಸಲೀಸು. ಮೂರನೆಯದೇ ಕಷ್ಟ. ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮನ ಮಡಿ ಎಂದರೆ ಮಡಿ. ಹೋಟೆಲಿನ ಕಾಫಿ ಕುಡಿದು ಬಂದರೂ ವಾಸನೆ ಹಿಡಿದು, ಬಾಯಿ ಮುಕ್ಕಳಿಸದೆ ಒಳಗೆ ಬಿಡುತ್ತಿರಲಿಲ್ಲ. ಅಂಥ ಮನೆಯ ಮಗ ನಾನು ಸೈಕಲ್ ತುಳಿದುಕೊಂಡು ಹೋಗಿ ತೋಟದವರ ಮನೆಗಳಲ್ಲಿ ಉಣ್ಣುತ್ತಿದ್ದೆ. ಇದೊಂದು ದೊಡ್ಡ ಕ್ರಾಂತಿ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ. ಇಲಾಖೆಯ ಕೆಲಸಕ್ಕಾಗಿ ಉಂಡದ್ದು ಎಂಥ ಕ್ರಾಂತಿ ಎಂದು ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಆ ತೋಟಗಳ ನಡುವೆ, ಲೈನು ತಿರುಗಬೇಕಾದ ಮೂಲೆಯಲ್ಲಿ, ಒಬ್ಬ ಹೆಂಗಸಿನ ಮಲ್ಲಿಗೆ ತೋಟವಿತ್ತು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಮದುವೆಯಾಗಿ ಹೊಸಕೋಟೆಯ ಕಡೆ ಹೋಗಿದ್ದಳು. ಐವತ್ತು ದಾಟಿದ ಆಕೆ ಒಂಟಿಯಾಗಿ ಆ ತೋಟ ನಡೆಸುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ಕಪಿಲೆ ಹೊಡೆಯುತ್ತಿದ್ದರು. ಕಪಿಲೆ ನೋಡದವರಿಗೆ ಹೇಳಬೇಕು: ಬಾವಿಯ ದಡದಿಂದ ಒಂದು ಇಳಿಜಾರು ಇರುತ್ತದೆ. ಜೋಡಿ ಎತ್ತು ಆ ಇಳಿಜಾರಿನಲ್ಲಿ ಕೆಳಗೆ ನಡೆದರೆ, ಹಗ್ಗ ಎಳೆದು, ತೊಗಲಿನ ಚೀಲ ನೀರು ತುಂಬಿಕೊಂಡು ಬಾವಿಯಿಂದ ಮೇಲೆ ಬಂದು ಕಾಲುವೆಗೆ ಸುರಿಯುತ್ತದೆ. ಆಮೇಲೆ ಎತ್ತುಗಳು ಹಿಂದೆ ಹಿಂದೆ ನಡೆದು ಮೇಲೇರಬೇಕು. ಇಳಿಯುವಾಗ ಆಕೆ ಸೀರೆ ಎತ್ತಿ ಕಟ್ಟಿ ಬಿಗಿದ ಹಗ್ಗದ ಮೇಲೇ ಕೂತುಬಿಡುತ್ತಿದ್ದರು. ಹೆಂಗಸರು ಕಪಿಲೆ ಹೊಡೆಯುವುದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಕೂತ್ಕಳಿ ಸ್ವಾಮಿ, ಈ ಪಾತಿ ತುಂಬ್ಲಿ," ಎಂದರು, ನಿಲ್ಲಿಸದೆಯೇ. ಪಾತಿ ತುಂಬಿತು, ಇನ್ನೊಂದು ಪಾತಿಯೂ ತುಂಬಿತು. ನಾನು ಸೀಬೆ ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತೇ ಇದ್ದೆ. ಕೊನೆಗೆ ಬಂದು ನೀರು ಕೊಟ್ಟರು. ಕುಡಿದು ಎದ್ದೆ. "ನೀರು ಕುಡಿಯಕ್ಕೆ ಬಸವನಗುಡಿಯಿಂದ ಇಲ್ಲಿಗಂಟ ಬಂದ್ರಾ?" ಎಂದು ನಕ್ಕರು. ಸಾಹೇಬರ ಕ್ರಮವೆಲ್ಲ ಆಕೆಗೆ ಆ ಕ್ಷಣವೇ ಅರ್ಥವಾಗಿತ್ತು ಎಂದು ಈಗ ಅನಿಸುತ್ತದೆ.

ಮೂರನೇ ಸಲ ಊಟದ ಹೊತ್ತಿಗೇ ಹೋದೆ. ಆಕೆಗೆ ಗಾಬರಿ. "ನೀವು ನಮ್ಮನೇಲಿ ಉಣ್ತೀರಾ ಸ್ವಾಮಿ?"

"ಉಣ್ತೀನಮ್ಮ. ಯಾಕೆ ಉಣ್ಣಬಾರ್ದು?"

ರಾಗಿ ಮುದ್ದೆ, ಸೊಪ್ಪಿನ ಸಾರು. ನಾನು ಮುದ್ದೆಯನ್ನು ಇಡ್ಲಿಯ ಹಾಗೆ ಅಗಿಯಲು ಹೊರಟೆ, ಅದು ಹಲ್ಲಿಗೆ ಅಂಟಿ ಕೂತಿತು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಗೀಬಾರ್ದು ಕಣಪ್ಪ, ಹಂಗೇ ನುಂಗ್ಬೇಕು." ಅಲ್ಲಿಂದಾಚೆಗೆ ನಾನು ಸ್ವಾಮಿಯಾಗಿ ಉಳಿಯಲಿಲ್ಲ. "ನಮ್ಮನೆ ಮುದ್ದೆ ಉಂಡ್ಮೇಲೆ ಇನ್ನೆಂತಾ ಸ್ವಾಮಿ, ನೀನು ನನ್ಮಗ," ಎಂದರು. ಆ ತೋಟದವರಲ್ಲಿ ಅದು ಬಾಯಿಮಾತಾಗಿರಲಿಲ್ಲ. ಒಂದು ಮನೆಯಲ್ಲಿ ಉಂಡವನು ಆ ಮನೆಗೆ ಕೆಡುಕು ಬಯಸುವುದಿಲ್ಲ ಎಂಬುದು ಅವರಿಗೆ ಬೇರೆ ರುಜುವಾತು ಬೇಡದ ಮಾತು. ನಮ್ಮ ಸಾಹೇಬರಿಗೂ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಲ್ಲವೇ ನನ್ನನ್ನು ಉಣ್ಣಲು ಕಳಿಸುತ್ತಿದ್ದದ್ದು.

ಕೈ ತೊಳೆದು ನಕ್ಷೆ ಬಿಚ್ಚಿದೆ. ಆ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಬರಬೇಕು, ಅದಕ್ಕೊಂದು ಕಟ್ಟೆ, ಸುತ್ತ ಬೇಲಿ. ತೋಟದ ನೆಲವೆಲ್ಲ ನೀರುಂಡು ಮೆತ್ತಗಿತ್ತು. ಗಟ್ಟಿ ನೆಲ ಇದ್ದದ್ದು ಒಂದೇ ಕಡೆ, ಕಪಿಲೆಯ ಇಳಿಜಾರಿನಲ್ಲಿ. ಎಷ್ಟೋ ವರ್ಷಗಳಿಂದ ಎತ್ತುಗಳು ತುಳಿದು ತುಳಿದು ಅದು ಕಲ್ಲಿನಂತಾಗಿತ್ತು. ನಾನೇ ಹಾರೆ ಕುಟ್ಟಿ ನೋಡಿ ಆ ಜಾಗ ಗುರುತು ಮಾಡಿದ್ದೆ. ನಲವತ್ತು ಹೆಜ್ಜೆ ಆಚೆ ಹೋಗಿ ಇನ್ನೊಂದಿಷ್ಟು ಆಳ ಅಗೆಸಿದ್ದರೆ ಬೇರೆ ಜಾಗ ಸಿಗುತ್ತಿತ್ತು. ಆ ನಲವತ್ತು ಹೆಜ್ಜೆಯನ್ನು ನಾನು ಆಮೇಲೆ ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ.

"ಅಲ್ಲಿ ಕಟ್ಟೆ ಕಟ್ಟಿದ್ರೆ ನನ್ನೆತ್ತು ಎಲ್ಲಿ ಇಳೀಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬಾವಿಯ ಉಳಿದ ಮೂರು ಕಡೆ ಮನೆ, ಬದು, ಪಕ್ಕದವರ ಬೇಲಿ.

"ಎತ್ತು ಯಾಕಮ್ಮ ಇನ್ನು? ನಿಮ್ಮ ಬಾವಿಗೆ ಮೋಟರು ಹಾಕಿಸ್ತೀನಿ. ಈ ಲೈನಿನ ಮೊದಲನೇ ಕನೆಕ್ಷನ್ ನಿಮ್ಮದೇ. ಒಂದು ಗುಂಡಿ ಒತ್ತಿದ್ರೆ ಇಡೀ ತೋಟಕ್ಕೆ ನೀರು."

ಆಕೆ ಕೊಟ್ಟಿಗೆಯ ಕಡೆ ನೋಡಿದರು. ಎತ್ತುಗಳಿಗೆ ವಯಸ್ಸಾಗಿತ್ತು, ಆಕೆಗೂ ಆಗಿತ್ತು. ಹಗ್ಗದ ಮೇಲೆ ಕೂತು ಕೂತು ಸೊಂಟ ಹಿಡಿಯುತ್ತದೆ ಎಂದು ಹಿಂದಿನ ಸಲವೇ ಹೇಳಿದ್ದರು. "ನಿಜವಾಗ್ಲೂ ಹಾಕಿಸ್ತೀಯಾ?" ಎಂದರು. ಹೂಂ ಎಂದೆ. ಆ ದಿನ ನಾನು ಸುಳ್ಳು ಹೇಳಲಿಲ್ಲ. ಮೋಟರಿನ ಮಾತನ್ನು ಮೊದಲೇ ಸಾಹೇಬರಲ್ಲಿ ಕೇಳಿದ್ದೆ, "ಹೇಳು, ಕೊಡೋಣ" ಎಂದಿದ್ದರು. ಸುಳ್ಳು ಆಮೇಲೆ ಬಂತು, ಅದೂ ಸುಳ್ಳಿನ ವೇಷದಲ್ಲಿ ಬರಲಿಲ್ಲ.

ಉಳಿದ ತೋಟದವರು ಸುಲಭಕ್ಕೆ ಬಗ್ಗುವವರಾಗಿರಲಿಲ್ಲ. ಮೊದಲು ಸರ್ವೆಯವರು ಬಂದು ಸರಪಳಿ ಹಿಡಿದು ಅಳೆದು ಹೋದ ಮೇಲೆ ನೆಲ ಹೇಗೆ ಕೈಬಿಟ್ಟು ಹೋಯಿತೆಂದು ಜಯನಗರದ ಜಾಗದಲ್ಲಿ ಉಳುತ್ತಿದ್ದವರನ್ನು ಕೇಳಿ ತಿಳಿದಿದ್ದರು. ಗುಡಿಯ ಮುಂದೆ ಎಲ್ಲರೂ ಸೇರಿದಾಗ ಒಬ್ಬ ಮುದುಕರು ನನ್ನ ಮುಖ ನೋಡದೆಯೇ "ಇವರ ಮಾತು ನಂಬಬೇಡ್ರಪ್ಪ" ಎಂದರು. ಆಗ ಎದ್ದವರು ಈ ತಾಯಿ. "ನಮ್ಮನೇಲಿ ಕೂತು ಮುದ್ದೆ ಉಂಡವ್ನೆ. ಅವ್ನು ಸುಳ್ಳು ಹೇಳಾಕಿಲ್ಲ. ನನ್ನ ಬಾವಿ ಪಕ್ಕದ ಜಾಗನೇ ಬಿಟ್ಕೊಡ್ತಿದೀನಿ, ನಿಮಗೇನು ಒಂದೊಂದು ಕಂಬಕ್ಕೆ?" ಎಂದರು. ಗುಂಪು ತಣ್ಣಗಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ನನ್ನ ಕೆಲಸ ಖಾಯಂ ಆಗುವ ಮಾತನ್ನು ಅದೇ ದಿನ ಎತ್ತಿದರು. ಲೈನು ಮುಗಿದ ಕೂಡಲೇ ಮೇಲಕ್ಕೆ ಬರೆಯುತ್ತೇನೆ ಎಂದರು.

ಆ ಚಳಿಗಾಲವೆಲ್ಲ ಕಂಬಗಳು ಏಳುತ್ತಿದ್ದವು. ನಾನು ವಾರಕ್ಕೆರಡು ಸಲ ಆಕೆಯ ತೋಟಕ್ಕೆ ಹೋಗುತ್ತಿದ್ದೆ. ಕೆಲಸವಿದ್ದರೂ ಹೋಗುತ್ತಿದ್ದೆ, ಇಲ್ಲದಿದ್ದರೂ. ನಿಜ ಹೇಳಬೇಕೆಂದರೆ ನನಗೆ ಅಲ್ಲಿ ಕೂರುವುದು ಇಷ್ಟವಾಗಿತ್ತು. ಮುದ್ದೆ ನುಂಗಲು ಕಲಿತೆ. ನನಗೆ ಹೆಣ್ಣು ಗೊತ್ತಾಗಿದೆ ಎಂದು ಒಂದು ದಿನ ಬಾಯಿ ತಪ್ಪಿ ಹೇಳಿದಾಗ ಆಕೆಗೆ ನನಗಿಂತ ಹೆಚ್ಚು ಸಡಗರ. "ಹುಡುಗಿ ಜಡೆ ಎಷ್ಟುದ್ದ ಐತೆ?" ಎಂದು ಕೇಳಿದರು. ನಾನೇನು ಕಂಡೆ, ಹೆಣ್ಣು ನೋಡಲು ಹೋದಾಗ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. "ಎಷ್ಟುದ್ದನಾದ್ರೂ ಇರ್ಲಿ. ಅವಳ ಮೊಗ್ಗಿನ ಜಡೆ ನಂದು. ನನ್ನ ತೋಟದ ಮೊಗ್ಗು, ನನ್ನ ಕೈಯಾರೆ ಹೆಣೀತೀನಿ. ಬೇರೆ ಯಾರಿಗೂ ಹೇಳ್ಕೂಡ್ದು," ಎಂದು ನನ್ನಿಂದ ಮಾತು ತೆಗೆದುಕೊಂಡರು.

ಬೇಸಿಗೆ ಕಾಲಿಡುವ ಹೊತ್ತಿಗೆ, ಟ್ರಾನ್ಸ್‌ಫಾರ್ಮರ್ ಕಟ್ಟೆ ಒಂದು ಬಿಟ್ಟು ಬೇರೆಲ್ಲ ಕೆಲಸ ಮುಗಿದಿತ್ತು. ಆಗ ಆಕೆಯ ಮೋಟರಿನ ಅರ್ಜಿ ನನ್ನ ಮೇಜಿಗೆ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಎರಡು ಸಾಲು. ಆ ತೋಟಗಳೆಲ್ಲ ಬಡಾವಣೆಯ ಮುಂದಿನ ವಿಸ್ತರಣೆಗೆ ಸೇರಿವೆ, ಆದ್ದರಿಂದ ಅಲ್ಲಿ ನೀರಾವರಿ ಮೋಟರಿಗೆ ಹೊಸ ಕನೆಕ್ಷನ್ ಕೊಡಬಾರದು. ನಾನು ಅರ್ಜಿ ಹಿಡಿದುಕೊಂಡು ಸಾಹೇಬರ ಬಳಿಗೆ ಓಡಿದೆ. ಅವರು ಓದಿ ಕನ್ನಡಕ ತೆಗೆದು ಒರೆಸಿದರು.

"ಪಾಪ," ಎಂದರು. "ಆದ್ರೆ ಲೈನ್ ಚಾರ್ಜ್ ಆಗೋವರೆಗೂ ನೀನು ಬಾಯಿ ಬಿಡಬೇಡ. ಉದ್ಘಾಟನೆಗೆ ಮಂತ್ರಿಗಳನ್ನ ಕರೆದಾಗಿದೆ. ಆಮೇಲೆ ಏನಾದ್ರೂ ಮಾಡೋಣ."

ಏನಾದರೂ ಮಾಡೋಣ ಎಂದರೆ ಏನೂ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅರ್ಜಿಯನ್ನು ಡ್ರಾಯರಿಗೆ ಹಾಕಿದೆ.

ನಾಲ್ಕು ದಿನ ಬಿಟ್ಟು, ಕಟ್ಟೆಯ ಕೆಲಸ ಯಾವಾಗ ಶುರು ಮಾಡಬಹುದು ಎಂದು ಕೇಳಿ ಬರಲು ಅವರೇ ನನ್ನನ್ನು ಕಳಿಸಿದರು. ಆಕೆ ಕೊಟ್ಟಿಗೆಯ ಮುಂದೆ ನಿಂತು ಎತ್ತಿನ ಕೊರಳು ಕೆರೆಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮುಖ ಅರಳಿತು. "ಒಳ್ಳೆ ಹೊತ್ಗೆ ಬಂದೆ ನೋಡು. ಆನೇಕಲ್ಲಿನ ಕಡೆಯೋರು ಒಬ್ರು ಎತ್ತು ನೋಡ್ಕೊಂಡು ಹೋಗವ್ರೆ. ಒಳ್ಳೆ ಮನುಷ್ಯ, ಹೊಡಿಯೋನಲ್ಲ. ಇವತ್ತು ಸಾಯಂಕಾಲ ಬತ್ತಾನೆ. ಎತ್ತು ಕೊಟ್ಬಿಟ್ರೆ ನಾಳೆನೇ ನಿಮ್ಮೋರು ಇಲ್ಲಿ ಅಗೀಬೌದು. ಕೊಟ್ಬಿಡ್ಲಾ ಮಗ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಡ್ರಾಯರಿನಲ್ಲಿದ್ದ ಕೆಂಪು ಶಾಯಿ ನನ್ನ ಕಣ್ಣೆದುರಿಗೆ ಇತ್ತು. ಕೊಡಬೇಡಿ ಎಂದಿದ್ದರೆ ಸಾಕಿತ್ತು. ಕಾರಣ ಕೂಡ ಹೇಳಬೇಕಿರಲಿಲ್ಲ, ಆಕೆ ಕೇಳುತ್ತಲೂ ಇರಲಿಲ್ಲ. ಕಟ್ಟೆಯ ಕೆಲಸ ನಿಲ್ಲುತ್ತಿತ್ತು, ಮಂತ್ರಿಗಳ ಕಾರ್ಯಕ್ರಮ ಮುಂದಕ್ಕೆ ಹೋಗುತ್ತಿತ್ತು, ನನ್ನ ಖಾಯಂ ಆಗುವ ಕಾಗದವೂ ಅದರ ಜೊತೆಗೇ ಹೋಗುತ್ತಿತ್ತು. ಅಷ್ಟೇ. ನಾನು ಎತ್ತಿನ ಕಡೆ ನೋಡುತ್ತ, "ನಿಮ್ಮಿಷ್ಟ ಅಮ್ಮ" ಎಂದೆ.

ಕೊಟ್ಟುಬಿಡಿ ಎನ್ನಲಿಲ್ಲ. ಹಾಗೆಂದಿದ್ದರೆ ಸುಳ್ಳಾಗುತ್ತಿತ್ತಲ್ಲ. ನನ್ನ ಜಾಣತನ ನೋಡಿ. ಬಹಳ ವರ್ಷ ನಾನು ಈ ಕೂದಲು ಸೀಳುವ ವಾದದಿಂದಲೇ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದು ನನಗೇ ಹೇಸಿಗೆ ಹುಟ್ಟಿಸುತ್ತದೆ.

ಎತ್ತು ಹೋದವು. ಮಾರನೇ ದಿನ ಇಳಿಜಾರು ಅಗೆದರು. ಕಟ್ಟೆ ಎದ್ದ ದಿನ ಆಕೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಮೊಳ ಮಲ್ಲಿಗೆ ಇಟ್ಟು ಕೈ ಮುಗಿದಿದ್ದರಂತೆ. ನಮ್ಮ ಲೈನ್‌ಮನ್ ಬಂದು ನಗುತ್ತ ಹೇಳಿದ. ನಾನು ಆ ಹೊತ್ತಿಗೆ ಆ ಕಡೆ ಹೋಗುವುದನ್ನು ಬಿಟ್ಟಿದ್ದೆ.

ಉದ್ಘಾಟನೆಯ ಸಂಜೆಗೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಶಾಮಿಯಾನದಲ್ಲಿ ತೋಟದವರಿಗೆಲ್ಲ ಮುಂದಿನ ಸಾಲು ಕೊಟ್ಟಿದ್ದರು. ಅದೂ ಸಾಹೇಬರ ಏರ್ಪಾಡೇ. ಸ್ವಿಚ್ ಒತ್ತಲು ಮಂತ್ರಿಗಳ ಜೊತೆ ಊರಿನವರೊಬ್ಬರೂ ಇರಲಿ ಎಂದು ಆಕೆಯನ್ನೇ ವೇದಿಕೆಗೆ ಕರೆದರು. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದಿದ್ದರು. ಬೆರಳಿಟ್ಟು ಒತ್ತಿದರು. ಜಯನಗರದ ರಸ್ತೆ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು, ಜನ ಚಪ್ಪಾಳೆ ತಟ್ಟಿದರು. ಆಕೆ ಚಪ್ಪಾಳೆ ತಟ್ಟಲಿಲ್ಲ. ಮುಸ್ಸಂಜೆ ದೀಪ ಹಚ್ಚಿದಾಗ ಎಲ್ಲ ಮನೆಗಳಲ್ಲಿ ಮಾಡುವ ಹಾಗೆ ಆ ದೀಪಗಳಿಗೆ ಕೈ ಮುಗಿದರು. ಇಳಿದು ಬರುವಾಗ ನನ್ನ ತೋಳು ಹಿಡಿದು, "ಇನ್ನು ನಮ್ಮ ಮೋಟರು ಯಾವಾಗ ಮಗ? ಕನಕಾಂಬರ ಬಾಡ್ತಾ ಐತೆ," ಎಂದರು. ಅರ್ಜಿ ಮೇಲೆ ಹೋಗಿದೆ ಎಂದೆ. ಈ ಸಲ ಅಪ್ಪಟ ಸುಳ್ಳು.

ಆ ಬೇಸಿಗೆ ಆಕೆ ಬಿಂದಿಗೆಯಲ್ಲಿ ನೀರು ಸೇದಿ ತೋಟಕ್ಕೆ ಹೊಯ್ದರು. ಅಷ್ಟು ದೊಡ್ಡ ತೋಟಕ್ಕೆ ಎಷ್ಟು ಬಿಂದಿಗೆ ಸಾಕು? ಮೊದಲು ಕನಕಾಂಬರ ಹೋಯಿತು, ಆಮೇಲೆ ಸೊಪ್ಪಿನ ಪಾತಿಗಳು. ಮಲ್ಲಿಗೆಯನ್ನು ಕೊನೆಯವರೆಗೂ ಹಿಡಿದುಕೊಂಡಿದ್ದರಂತೆ. ಟ್ರಾನ್ಸ್‌ಫಾರ್ಮರ್ ಮಾತ್ರ ಬಾವಿಯ ಪಕ್ಕದಲ್ಲಿ ಹಗಲಿರುಳು ಗುಂಯ್ ಎನ್ನುತ್ತ ಜಯನಗರಕ್ಕೆ ಕರೆಂಟು ಕೊಡುತ್ತಿತ್ತು.

ಆಕೆ ಮೂರು ಸಲ ಆಫೀಸಿಗೆ ಬಂದರು. ಮೂರು ಸಲವೂ ನಾನು ಒಳಗಿನ ಕೋಣೆಯಲ್ಲಿ ಕೂತು, ಲೈನಿಗೆ ಹೋಗಿದ್ದಾರೆ ಎಂದು ಜವಾನನ ಕೈಲಿ ಹೇಳಿಸಿದೆ. ಮೂರನೇ ಸಲ ಬಾಗಿಲ ಸಂದಿಯಿಂದ ಆಕೆಯ ಮಾತು ಕೇಳಿಸಿತು. "ಈ ಉರಿಬಿಸ್ಲಲ್ಲಿ ಸೈಕಲ್ ತುಳ್ಕೊಂಡು ಹೋಗವ್ನಾ? ಪಾಪ ಕಣಪ್ಪ. ನಾನು ಬಂದಿದ್ದೆ ಅಂತ ಹೇಳ್ಬೇಡ, ಸುಮ್ನೆ ನೊಂದ್ಕತಾನೆ." ಜವಾನ ನನ್ನ ಕಡೆ ತಿರುಗಿಯೂ ನೋಡದೆ ಆಚೆ ಹೋದ. ಆ ದಿನದಿಂದ ಅವನು ನನಗೆ ಕಾಫಿ ತಂದುಕೊಡುವುದನ್ನು ನಿಲ್ಲಿಸಿದ. ನಾನೂ ಕೇಳಲಿಲ್ಲ.

ನನ್ನ ಕೆಲಸ ಖಾಯಂ ಆಯಿತು. ಮುಂದಿನ ವೈಶಾಖದಲ್ಲಿ ಮದುವೆ. ಆಕೆಗೆ ನಾನು ಲಗ್ನಪತ್ರಿಕೆ ಕೊಟ್ಟಿರಲಿಲ್ಲ. ಮುಖ ಇರಲಿಲ್ಲ. ಹೇಗೆ ಗೊತ್ತಾಯಿತೋ, ಲೈನ್‌ಮನ್ ಹೇಳಿದನೋ ಏನೋ, ಮದುವೆಯ ಬೆಳಿಗ್ಗೆ ಛತ್ರದ ಹಿಂಬಾಗಿಲಲ್ಲಿ ನಿಂತಿದ್ದರು. ಅದೇ ಹಸಿರು ಸೀರೆ. ಬಿಸಿಲಿಗೆ ಸುಟ್ಟು ಇನ್ನಷ್ಟು ಕಪ್ಪಗಾಗಿದ್ದರು, ಅಂಗೈಯಲ್ಲಿ ಹಗ್ಗದ ಗಾಯ ಒಣಗಿ ಗಟ್ಟಿಯಾಗಿತ್ತು. ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಬಾಳೆಲೆಯ ಪೊಟ್ಟಣ.

ಎಲ್ಲರೆದುರಿಗೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮೊಗ್ಗು ತಂದಿವ್ನಿ ಮಗ," ಎಂದರು. "ನಮ್ಮ ತೋಟದ್ದಲ್ಲ. ನಮ್ಮದು ಹೋಯ್ತು. ಮಾರ್ಕೆಟ್ನಾಗೆ ಕೊಂಡ್ಕೊಂಡು ಬಂದೆ. ಹೂವ ಮಾರಿ ಗೊತ್ತೇ ಹೊರ್ತು ಕೊಂಡಿದ್ದು ನನ್ ಜನ್ಮದಲ್ಲಿ ಇದೇ ಮೊದ್ಲು. ಏನ್ಮಾಡದು, ಕೊಡ್ತೀನಿ ಅಂದ್ಮೇಲೆ ಕೊಡ್ಬೇಕಲ್ಲ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ನಾನು ಎಷ್ಟು ಹುಡುಕಿದರೂ ಇವತ್ತಿಗೂ ಅದರಲ್ಲಿ ಕೊಂಕು ಸಿಕ್ಕಿಲ್ಲ. ಒಳಗೆ ಬನ್ನಿ ಎಂದೂ ನಾನು ಕರೆಯಲಿಲ್ಲ. ಆಕೆಯೇ ಹೆಣ್ಣಿನ ಕಡೆಯವರನ್ನು ಕೇಳಿಕೊಂಡು ಹೋಗಿ, ಮೂಲೆಯಲ್ಲಿ ಕೂತು, ನನ್ನ ಹೆಂಡತಿಯಾಗುವವಳ ಜಡೆಗೆ ಮೊಗ್ಗು ಹೆಣೆದರು. ಮುಹೂರ್ತದ ಗದ್ದಲದಲ್ಲಿ ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ಊಟಕ್ಕೆ ಕೂತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವರ ಮನೆಯಲ್ಲಿ ಅಷ್ಟು ಸಲ ಉಂಡವನು ನಾನು. ಒಂದು ಎಲೆ ಹಾಕಿಸಿ ಕೂರಿಸಲಿಲ್ಲ.

ಆ ತೋಟಗಳಿದ್ದ ಕಡೆ ಈಗ ರಸ್ತೆ, ಮನೆ, ಅಂಗಡಿಗಳು. ಟ್ರಾನ್ಸ್‌ಫಾರ್ಮರ್ ಎಷ್ಟೋ ಸಲ ಬದಲಾಗಿದೆ, ಜಾಗ ಅದೇ. ಅವರು ಮಗಳ ಊರಿಗೆ ಹೋದರು ಎಂದು ಯಾರೋ ಹೇಳಿದರು. ಹೊಸಕೋಟೆ ಎಷ್ಟು ದೂರ? ನಾನು ಹೋಗಲಿಲ್ಲ.

ನಮ್ಮ ಮನೆಯ ಹಾಲಿನಲ್ಲಿ ಮದುವೆಯ ದಿನದ ಒಂದು ಫೋಟೋ ಇದೆ. ಆಗಿನ ಕಾಲದ ಪದ್ಧತಿಯಂತೆ ನನ್ನ ಹೆಂಡತಿಯನ್ನು ಕನ್ನಡಿಯ ಮುಂದೆ ಕೂರಿಸಿ, ಮುಖವೂ ಜಡೆಯೂ ಒಟ್ಟಿಗೆ ಬರುವ ಹಾಗೆ ತೆಗೆದದ್ದು. ಮೊಗ್ಗುಗಳು ಸಾಲು ತಪ್ಪದೆ ತಲೆಯಿಂದ ಸೊಂಟದವರೆಗೆ ಇಳಿದಿವೆ. ಬಂದವರೆಲ್ಲ ಅದನ್ನು ಹೊಗಳದೆ ಹೋಗುವುದಿಲ್ಲ. ಮದುವೆಯಾದ ಸಂಜೆ ಜಡೆ ಬಿಚ್ಚುವಾಗ ಅವಳು ಕೇಳಿದ್ದಳು, ಇಷ್ಟು ಚೆನ್ನಾಗಿ ಹೆಣೆದವರು ಯಾರು ಎಂದು. ಆಗ ನಾನು ಕೊಟ್ಟ ಉತ್ತರವನ್ನೇ ಅವಳು ಇವತ್ತಿಗೂ ಬಂದವರಿಗೆ ಒಪ್ಪಿಸುತ್ತಾಳೆ, ನನ್ನ ಕಡೆ ಕೈ ತೋರಿಸಿ:

"ಯಾರೋ ಹೂವಿನವಳಂತೆ. ಇವರಿಗೂ ಗುರುತಿಲ್ಲ."